ಅಂಗಳದ ಅಡಿಕೆಯೂ ಪೆರುವಿನ ಕಡಲೂ

ಕಿಗ್ಗದ ಋಷ್ಯಶೃಂಗೇಶ್ವರನಿಗೆ ಎರಡು ಬಗೆಯ ಪೂಜೆ ಸಲ್ಲುತ್ತದೆ. ಮಳೆ ಬರಲಿ ಎಂದು ಒಂದು, ಬಂದದ್ದು ಸಾಕು, ನಿಲ್ಲಲಿ ಎಂದು ಇನ್ನೊಂದು. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ನಾವು ಹೆಚ್ಚಾಗಿ ಕೈಮುಗಿಯುವುದು ಎರಡನೆಯದಕ್ಕೆ. ಹಾಗೆಂದು ಆಷಾಢದ ಮಳೆಯ ಮೇಲೆ ನಮಗೆ ಸಿಟ್ಟಿಲ್ಲ. ತುಂಗೆ ಉಕ್ಕಿ ಶೃಂಗೇರಿಯ ಕಪ್ಪೆ ಶಂಕರ ಮುಳುಗಿದರೆ ‘ಈ ವರ್ಷ ಮಳೆ ಚೆನ್ನಾಗಿದೆ’ ಎನ್ನುವ ಜನ ನಾವು. ನಮ್ಮ ತಕರಾರಿರುವುದು ಕಾರ್ತೀಕದ ಮಳೆಯ ಜೊತೆ.

ಕಾರ್ತೀಕವೆಂದರೆ ಅಡಿಕೆ ಕೊಯ್ಲಿನ ಕಾಲ. ಕೊನೆ ಇಳಿಸಿ, ರಾತ್ರಿಯೆಲ್ಲ ಕೂತು ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಅಟ್ಟದ ಮೇಲೆ ಹರವಿದ ಮೇಲೆ ಬೇಕಾದದ್ದು ಒಂದು ವಾರದ ಖಡಕ್ ಬಿಸಿಲು. ಬಿಸಿಲು ಸಿಕ್ಕರೆ ಅಡಿಕೆ ಕೆಂಪಗೆ ಹೊಳೆಯುತ್ತದೆ, ಮುಷ್ಟಿಯಲ್ಲಿ ಹಿಡಿದು ಕುಲುಕಿದರೆ ಗಣಗಣ ಎನ್ನುತ್ತದೆ. ಮೋಡ ಕವಿದರೆ ಎರಡು ಮೂರು ದಿನದಲ್ಲೇ ಮೈಮೇಲೆ ಬಿಳಿಯ ಬೂಷ್ಟು ಏಳುತ್ತದೆ. ಅದನ್ನು ತಿಕ್ಕಿ ತೆಗೆಯಬಹುದು, ಆದರೆ ಹೋದ ಬಣ್ಣ ಮರಳಿ ಬರುವುದಿಲ್ಲ. ವರ್ಷವಿಡೀ ಕೊಳೆರೋಗಕ್ಕೆ ಬೋರ್ಡೋ ಹೊಡೆದು, ಎಲೆಚುಕ್ಕಿಯ ಕಾಟ ತಡೆದುಕೊಂಡು ಉಳಿಸಿಕೊಂಡ ಫಸಲಿನ ದರ ಈ ಒಂದು ವಾರದಲ್ಲಿ ಇಳಿದುಹೋಗುತ್ತದೆ. ಟಾರ್ಪಾಲು ಎಳೆಯುವುದು, ಬಿಸಿಲು ಇಣುಕಿದರೆ ತೆಗೆಯುವುದು, ಮತ್ತೆ ಎಳೆಯುವುದು. ಅಂಥ ಒಂದು ಸಂಜೆ ಪಕ್ಕದ ತೋಟದವರು ಬೇಲಿಯಾಚೆಯಿಂದ ಕೇಳಿದರು: “ಅಲ್ಲ ಭಾವ, ಸ್ವಾತಿ ಮುಗೀತು, ವಿಶಾಖವೂ ಮುಗೀತಾ ಬಂತು, ಇನ್ನೂ ಇದೆಂಥ ಮಳೆ?” “ಸೈಕ್ಲೋನಂತೆ ಮಾರಾಯ” ಎಂದೆ. “ಸೈಕ್ಲೋನ್ ಮದ್ರಾಸಿಗಲ್ವಾ ಬರೋದು?” ಎಂದರು.

ಪ್ರಶ್ನೆ ಸರಿಯಾದದ್ದೇ. ಚಂಡಮಾರುತ ಹುಟ್ಟಲು ಕಡಲಿನ ಮೇಲ್ನೀರು ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿರಬೇಕು, ಆ ಬಿಸಿ ಹತ್ತಾರು ಮೀಟರ್ ಆಳದವರೆಗೂ ಇರಬೇಕು. ಗಾಳಿಯಲ್ಲಿ ತೇವ ಬೇಕು. ಭೂಮಿ ತಿರುಗುವುದರಿಂದ ಗಾಳಿಗೆ ಸುತ್ತು ಸಿಗಬೇಕು. ಸಮಭಾಜಕ ವೃತ್ತದ ಪಕ್ಕದಲ್ಲಿ ಅದು ಸಿಗದು. ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ಹೆಚ್ಚು ಎಳೆದಾಟ ಇರಬಾರದು. ಮುಂಗಾರಿನಲ್ಲಿ ಕೆಳಗೆ ಪಡುವಣ ಗಾಳಿ, ಮೇಲೆ ಮೂಡಣ ಗಾಳಿ. ಏಳಬೇಕೆಂದ ಸುಳಿಯ ತಲೆ ಒಂದು ದಿಕ್ಕಿಗೆ, ಬುಡ ಒಂದು ದಿಕ್ಕಿಗೆ ಹೋಗುತ್ತದೆ. ಅದಕ್ಕೇ ನಮ್ಮ ಕಡಲುಗಳಲ್ಲಿ ಚಂಡಮಾರುತದ ಕಾಲ ಎರಡು: ಮುಂಗಾರಿನ ಮುಂಚೆ ಒಂದು, ಅದು ಹಿಂದೆ ಸರಿದ ಮೇಲೆ ಇನ್ನೊಂದು. ಎರಡನೆಯದು ನೇರವಾಗಿ ನಮ್ಮ ಅಟ್ಟದ ಮೇಲೆ ಬಂದು ಕೂರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ್ದು ತಮಿಳುನಾಡಿಗೆ ಅಪ್ಪಳಿಸಿ, ಸುಸ್ತಾಗಿ, ಪರ್ಯಾಯದ್ವೀಪ ದಾಟಿಕೊಂಡು ಅರಬ್ಬೀ ಕಡಲಿಗೆ ಹೋಗುವ ದಾರಿಯಲ್ಲಿ ಮಲೆನಾಡನ್ನು ತೋಯಿಸುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಹೀಗೇ ಡಿಸೆಂಬರ್ ಮೊದಲ ವಾರದಲ್ಲಿ ಘಟ್ಟಕ್ಕೂ ಕರಾವಳಿಗೂ ಮಳೆ ಸುರಿಸಿತು.

ಆದರೆ ಒಂದು ವರ್ಷ ಹೀಗಾಗುತ್ತದೆ, ಇನ್ನೊಂದು ವರ್ಷ ಡಿಸೆಂಬರ್ ಪೂರ್ತಿ ಬಿಸಿಲು. ಮಳೆ ನಕ್ಷತ್ರಗಳು ಋತುವನ್ನು ಚೆನ್ನಾಗಿ ಹೇಳುತ್ತವೆ. ವರ್ಷ ವರ್ಷದ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಅದರ ಲೆಕ್ಕ ಕಡಲಿನಲ್ಲಿದೆ.

1876ರ ಧಾತು ಸಂವತ್ಸರದ ಬರವನ್ನು ನೆನೆಯಿರಿ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 42 ಲಕ್ಷದಷ್ಟಿದ್ದರು. ಆ ಬರದ ಹಿಂದೆ, ಪೆರುವಿನಾಚೆಯ ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೊ ಇತ್ತೆಂದು ಈಗ ಗೊತ್ತು. ಆಗ ಯಾರಿಗೂ ಗೊತ್ತಿರಲಿಲ್ಲ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ, ನಮ್ಮ ಮುಂಗಾರು ಏಕೆ ಕೈಕೊಡುತ್ತದೆಂದು ಹುಡುಕುತ್ತ ಜಗತ್ತಿನ ಒತ್ತಡದ ಅಂಕಿಗಳನ್ನೆಲ್ಲ ಕೂಡಿಹಾಕಿದ. ಪೆಸಿಫಿಕ್‌ನ ಒಂದು ಕಡೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ ಎಂಬುದನ್ನು 1920ರ ದಶಕದಲ್ಲಿ ತೋರಿಸಿಕೊಟ್ಟ. ನಮ್ಮ ಹಸಿವಿನ ಕಾರಣ ಹುಡುಕಲು ಹೊರಟು ಇಡೀ ಭೂಮಿಯ ಗಾಳಿಯ ಹೊಂದಾಣಿಕೆಯನ್ನೇ ಕಂಡದ್ದು ದೊಡ್ಡ ಕೆಲಸ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಆತನಿಗೆ ಒಂದು ಪುಟವಾದರೂ ಸಿಗಬೇಕು.

ನಮ್ಮ ಮನೆಯಂಗಳದಲ್ಲೇ ಇದ್ದ ಇನ್ನೊಂದು ಸಂಗತಿ ಮಾತ್ರ 1999ರವರೆಗೂ ಮರೆಯಲ್ಲಿತ್ತು. ಹಿಂದೂ ಮಹಾಸಾಗರ ಒಂದು ತಕ್ಕಡಿ. ಕೆಲವು ವರ್ಷ ಆಫ್ರಿಕದ ಕಡೆಯ ನೀರು ಬಿಸಿಯಾಗಿ ಸುಮಾತ್ರದ ಕಡೆಯದು ತಣ್ಣಗಾಗುತ್ತದೆ, ಕೆಲವು ವರ್ಷ ಇದಕ್ಕೆ ತಿರುಗುಮುರುಗು. ಇಂಡಿಯನ್ ಓಶನ್ ಡೈಪೋಲ್ ಎಂದು ಹೆಸರಾದ ಇದನ್ನು ಗುರುತಿಸಿ ಬರೆದ ನಾಲ್ವರಲ್ಲಿ ಬಿ.ಎನ್. ಗೋಸ್ವಾಮಿ ಮತ್ತು ಪಿ.ಎನ್. ವಿನಯಚಂದ್ರನ್ ಇಬ್ಬರೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದವರು. ಪಡುವಣ ತಟ್ಟೆ ಬಿಸಿಯಾದರೆ ಅರಬ್ಬೀ ಕಡಲು ಎಚ್ಚರಗೊಳ್ಳುತ್ತದೆ. 2019ರಲ್ಲಿ ಡೈಪೋಲ್ ಬಹಳ ಬಲವಾಗಿತ್ತು. ಆ ವರ್ಷ ಅರಬ್ಬೀ ಕಡಲಿನಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಎಂದು ಐದು ಚಂಡಮಾರುತ. ಆಗಸ್ಟಿನಲ್ಲೇ ಮಲೆನಾಡಿನ ಗುಡ್ಡಗಳು ಜರಿದಿದ್ದವು. ಅಕ್ಟೋಬರ್ 27, ದೀಪಾವಳಿಯ ದಿನ, ಕ್ಯಾರ್ ಸೂಪರ್ ಸೈಕ್ಲೋನ್ ಆಯಿತು. 2007ರ ಗೋನುವಿನ ನಂತರ ಅರಬ್ಬೀ ಕಡಲು ಅಂಥದ್ದನ್ನು ಕಂಡಿರಲಿಲ್ಲ. ಅದು ದೂರ ಸರಿಯುವ ಮೊದಲೇ ಮಹಾ ಎದ್ದಿತ್ತು.

ಪೆಸಿಫಿಕ್ ತಣ್ಣಗಾಗುವ ಲಾ ನಿನಾ ವರ್ಷಗಳಲ್ಲಿ ಕಾಟ ಮೂಡಣದಿಂದ. ಆಗ ಹಿಂಗಾರಿನ ಬಂಗಾಳ ಕೊಲ್ಲಿಯಲ್ಲಿ ಗಾಳಿಯೂ ತೇವವೂ ಸುಳಿಗೆ ಅನುಕೂಲವಾಗಿರುತ್ತವೆ. 2020ರಿಂದ ಮೂರು ವರ್ಷ ಲಾ ನಿನಾ ಬಿಡದೆ ನಿಂತಿತು. 2020ರಲ್ಲಿ ನಿವಾರ್, ಬುರೆವಿ, 2022ರಲ್ಲಿ ಮಾಂಡೌಸ್. ನಡುವಿನ 2021ರ ನವೆಂಬರಿನಲ್ಲಿ ಚಂಡಮಾರುತದ ಹೆಸರಿಲ್ಲದ ವಾಯುಭಾರ ಕುಸಿತಗಳೇ ಒಂದರ ಹಿಂದೊಂದು ಬಂದು ಕರ್ನಾಟಕವನ್ನು ತೋಯಿಸಿದವು. ಗದ್ದೆಯಲ್ಲಿ ಕೊಯ್ದ ಭತ್ತ ಮೊಳಕೆಯೊಡೆಯಿತು, ಕಣದ ಕಾಫಿ ಒಣಗಲಿಲ್ಲ. ಅಡಿಕೆಯ ಕಥೆ ಹೇಳಬೇಕಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಲಾ ನಿನಾ ಎಂದರೆ ಮೋಡ, ಎಲ್ ನಿನೊ ಎಂದರೆ ಬಿಸಿಲು ಎಂದು ಗಂಟು ಹಾಕಬೇಡಿ. 2023 ಎಲ್ ನಿನೊ ವರ್ಷ. ಮುಂಗಾರು ಸೊರಗಿ ರಾಜ್ಯಕ್ಕೆ ಬರ ಬಂತು. ಆದರೂ ಡಿಸೆಂಬರಿನಲ್ಲಿ ಮಿಚೌಂಗ್ ಎದ್ದು ಚೆನ್ನೈಯನ್ನು ಮುಳುಗಿಸಿತು. ಈ ನಿಧಾನದ ಕಡಲಾಟಗಳು ಸಂಭವವನ್ನು ಹೆಚ್ಚಿಸುತ್ತವೆ, ತಗ್ಗಿಸುತ್ತವೆ, ದಿನಾಂಕ ಬರೆದುಕೊಡುವುದಿಲ್ಲ. ಪೆಸಿಫಿಕ್‌ನಲ್ಲಿ ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುವ ಇನ್ನೂ ನಿಧಾನದ ಏರಿಳಿತವೊಂದಿದೆ, ಅದು ಎಲ್ ನಿನೊವನ್ನೇ ಹೆಚ್ಚು ಕಡಿಮೆ ಮಾಡುತ್ತದೆ. ಇವೆಲ್ಲದರ ಅಡಿಯಲ್ಲಿ ಕಡಲು ಒಂದೇ ಸಮನೆ ಬಿಸಿಯಾಗುತ್ತಿದೆ. ಹಿಂದೆ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತವೆದ್ದರೆ ಅರಬ್ಬೀ ಕಡಲಿನಲ್ಲಿ ಒಂದು ಎನ್ನುವ ಲೆಕ್ಕವಿತ್ತು. ಪುಣೆಯ ಹವಾಮಾನ ವಿಜ್ಞಾನಿಗಳ 2021ರ ಅಧ್ಯಯನದಂತೆ, 2001ರ ನಂತರದ ಎರಡು ದಶಕಗಳಲ್ಲಿ ಅರಬ್ಬೀ ಕಡಲಿನ ಚಂಡಮಾರುತಗಳು ಹಿಂದಿನ ಎರಡು ದಶಕಗಳಿಗಿಂತ ಶೇ. 52ರಷ್ಟು ಹೆಚ್ಚಿವೆ. ಅದೇ ವರ್ಷ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಸವರಿಕೊಂಡು ಗುಜರಾತಿಗೆ ಹೋದದ್ದು ಮರೆಯುವಂಥದ್ದಲ್ಲ.

ಬೇಲಿಯಾಚೆಯವರಿಗೆ ಇದನ್ನೆಲ್ಲ ಹೇಳಿದಾಗ “ತಿಳಿದು ಮಾಡೋದೆಂತ ಭಾವ?” ಎಂದರು. ಮಾಡುವುದಿದೆ. ಶ್ರಾವಣದ ಹೊತ್ತಿಗೆ ಪೆಸಿಫಿಕ್ಕೂ ಡೈಪೋಲೂ ಯಾವ ಕಡೆ ವಾಲಿವೆ ಎಂದು ಹವಾಮಾನ ಇಲಾಖೆ ಹೇಳುತ್ತದೆ. ವಾಲಿಕೆ ನಮಗೆ ವಿರುದ್ಧವಾಗಿದ್ದರೆ ಪ್ಲಾಸ್ಟಿಕ್ ಹೊದಿಸಿದ ಒಣಗು ಮನೆಯನ್ನೋ ಡ್ರೈಯರನ್ನೋ ದಸರೆಗೆ ಮೊದಲೇ ಸಿದ್ಧಮಾಡಿಕೊಳ್ಳಬಹುದು. ಸಮಭಾಜಕದ ಉದ್ದಕ್ಕೂ ಮೂಡಣಕ್ಕೆ ಸಾಗುವ ಮ್ಯಾಡನ್–ಜೂಲಿಯನ್ ಎಂಬ ಮೋಡಗಳ ಅಲೆಯೊಂದಿದೆ. ಮೂವತ್ತರಿಂದ ಅರವತ್ತು ದಿನಕ್ಕೊಂದು ಸುತ್ತು. ಅದು ನಮ್ಮ ಕಡಲಿನ ಮೇಲಿದ್ದಾಗ ಸುಳಿ ಏಳುವ ಸಂಭವ ಹೆಚ್ಚು. ಇದನ್ನು ಗಮನಿಸಿಯೇ ಇಲಾಖೆ ಪ್ರತಿ ಗುರುವಾರ ಮುಂದಿನ ಎರಡು ವಾರಗಳಲ್ಲಿ ಚಂಡಮಾರುತ ಹುಟ್ಟಬಹುದೇ ಎಂಬ ಮುನ್ಸೂಚನೆ ಪ್ರಕಟಿಸುತ್ತದೆ. ಒಂದು ಕೊಯ್ಲು ಬೇಯಿಸಿ ಒಣಗಿಸುವುದಕ್ಕೆ ಬೇಕಾದದ್ದಕ್ಕಿಂತ ಇದು ದೊಡ್ಡ ಅವಧಿ. ಕೊನೆಗಾರನಿಗೆ ಹೇಳಿಕಳಿಸುವ ಮುನ್ನ ಆ ಗುರುವಾರದ ಸೂಚನೆಯನ್ನು ದಯವಿಟ್ಟು ಒಮ್ಮೆ ನೋಡಿ. ಮೊಬೈಲ್ ಬಳಸದ ಹಿರಿಯರು ಪಕ್ಕದ ಮನೆಯಲ್ಲಿದ್ದರೆ ಅವರಿಗೂ ಓದಿ ಹೇಳಿ.