ಅಂಕಿತವಿಲ್ಲದ ಹಾಡು

ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ. ನಡುವೆ ಡೋಣಿ ಹರಿಯುವ ಎರೆಯ ಬಯಲು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೆಸರು ಹೇಳಿದೊಡನೆ ದೂರದವರಿಗೆ ಬರವೂ ಬಿಸಿಲೂ ನೆನಪಾಗುವುದುಂಟು. ಆದರೆ ಈ ನೆಲದಲ್ಲಿ ಜೋಳದೊಡನೆ ಹೆಣ್ಣುಮಕ್ಕಳ ಹಾಡೂ ಹುಲುಸಾಗಿ ಬೆಳೆದಿದೆ.

ಹಿಂದೆ ಬೆಳ್ಳಿ ಮೂಡುವ ಹೊತ್ತಿಗೆ ಅಕ್ಕತಂಗಿಯರೋ ಅತ್ತಿಗೆ ನಾದಿನಿಯರೋ ಬೀಸುವ ಕಲ್ಲಿನ ಬಳಿ ಎದುರುಬದುರಾಗಿ ಕುಳಿತುಕೊಳ್ಳುವರು. ಗೂಟದ ಮೇಲೆ ಇಬ್ಬರ ಕೈ. ಕಲ್ಲಿನ ಸುತ್ತಿಗೆ ಹೊಂದಿ ಹಾಡು. ತ್ರಿಪದಿಗೆ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ಕೂಡಿಸುವರು. ಅಷ್ಟರಲ್ಲಿ ಮುಂದಿನ ನುಡಿಯನ್ನು ಕಟ್ಟಿಕೊಳ್ಳಲು ಬಿಡುವು ದೊರೆಯುವುದು. ಹಾಡುವವಳೇ ಕಟ್ಟುವವಳು, ಕಟ್ಟಿದ್ದು ಬರೆಯದೆ ಉಳಿಯಬೇಕು.

ತವರಿನ ಹಂಬಲ, ಅಣ್ಣನ ಬರವಿನ ನಿರೀಕ್ಷೆ, ತೊಟ್ಟಿಲ ಕೂಸಿನ ನಗೆ, ಬಂಜೆಯ ಅಳಲು—ಮನೆಯವರೆದುರು ಮಾತಿನಲ್ಲಿ ಆಡಲಾಗದುದೆಲ್ಲ ಕಲ್ಲಿನೆದುರು ಹಾಡಾಗುತ್ತಿತ್ತು. ಒಂದೇ ತಾಯಿಯ ಮಕ್ಕಳು ಮದುವೆಯಾಗಿ ಬೇರೆ ಬೇರೆ ಊರು ಸೇರುವರು; ಪಂಚಮಿಗೆ ತವರಿಗೆ ಬಂದಾಗ ಅತ್ತೆಯ ಮನೆಯಲ್ಲಿ ಕಲಿತುದನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವರು. ಹಾಡುಗಳು ತಾಲೂಕಿನ ಗಡಿ ದಾಟಿದ್ದು ಹೀಗೆ.

ಈ ಛಂದಸ್ಸಿನ ವಯಸ್ಸನ್ನು ತಿಳಿಯಬಯಸುವವರು ಬಾದಾಮಿಗೆ ಹೋಗಬೇಕು. ಅಲ್ಲಿಯ ಬಂಡೆಯ ಮೇಲೆ ಸುಮಾರು ಕ್ರಿ. ಶ. 700ರಷ್ಟು ಹಿಂದಿನ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ವೀರನ ಹೆಸರು ಕಲ್ಲಿನಲ್ಲಿ ನಿಂತಿತು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ವಚನಗಳಿಗೆ ಕೂಡಲಸಂಗಮದೇವನ ಅಂಕಿತವಿದೆ. ಗರತಿಯ ಹಾಡಿಗೆ ಮಾತ್ರ ಶಾಸನವೂ ಇಲ್ಲ, ಅಂಕಿತವೂ ಇಲ್ಲ.

ಅದು ನಶಿಸದಂತೆ ಕಾಯ್ದವರು ಹಲಸಂಗಿಯ ಗೆಳೆಯರು. ಅಂದು ಇಂಡಿ ತಾಲೂಕಿನಲ್ಲಿದ್ದ, ಇಂದು ಚಡಚಣಕ್ಕೆ ಸೇರಿರುವ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಮೊದಲಾದವರು ಜನಪದದ ಬಾಯಲ್ಲಿದ್ದುದನ್ನು ಕೂಡಿಹಾಕಿದರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಗಿ ಬಂದಾಗ, ಅಡುಗೆಮನೆಯ ನುಡಿಯೂ ಕಾವ್ಯವೆಂಬುದನ್ನು ಓದಿದವರು ಒಪ್ಪಲೇಬೇಕಾಯಿತು.

ಮುಂದೆ ಹಿಟ್ಟಿನ ಗಿರಣಿ ಬಂದಿತು. ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆಯಿತು. ಆ ದುಡಿಮೆ ಮರಳಲೆಂದು ಯಾರೂ ಬಯಸಲಾರರು. ಆದರೆ ಇಬ್ಬರು ಸೋದರಿಯರು ಎದುರುಬದುರಾಗಿ ಕುಳಿತು ಹೊಸ ನುಡಿ ಕಟ್ಟುತ್ತಿದ್ದ ಆ ನಸುಕಿನ ಗಳಿಗೆಯೂ ಕಲ್ಲಿನೊಡನೆಯೇ ಮೂಲೆ ಸೇರಿತು. ಮದುವೆ, ಸೀಮಂತಗಳಲ್ಲಿ ಸೋಬಾನೆ ಹಾಡುವ ಹಿರಿಯ ಹೆಂಗಸರು ಇನ್ನೂ ಇದ್ದಾರೆ. ಆ ಕಡೆಗೆ ಹೋದವರು ಗೋಳಗುಮ್ಮಟವನ್ನು ನೋಡಿ ಬರಲಿ. ಜೊತೆಗೆ ಅಂತಹ ಒಬ್ಬ ಅಜ್ಜಿಯ ಬಳಿ ಕುಳಿತು ಅವಳ ಹಾಡನ್ನು ಕೇಳಲಿ, ಅವಳ ಹೆಸರನ್ನೂ ಕೇಳಿ ಬರೆದುಕೊಳ್ಳಲಿ.