ಪ್ರತಿಯಿಲ್ಲದ ಚಿತ್ರ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ‘ಏಕೈಕ ಪ್ರತಿ’ ಎಂಬ ಮಾತು ಸಂತೋಷವನ್ನೂ ಅಳುಕನ್ನೂ ಒಟ್ಟಿಗೆ ತರುತ್ತದೆ. ಓಲೆಗರಿಯ ಅಂಚು ಮುರಿದರೆ ಅಲ್ಲಿದ್ದ ಅಕ್ಷರಗಳನ್ನು ತುಂಬಿಕೊಳ್ಳಲು ಬೇರೆ ಪಾಠ ಒದಗುವುದಿಲ್ಲ. ಈ ಅಳುಕನ್ನು ಬಲ್ಲವಳಂತೆ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ನೆಗೆಟಿವ್ ಇಲ್ಲದ ಡಾಗೆರೊಟೈಪ್ ಹಿಂದೆ ಸರಿದ ಮೇಲೆ ಛಾಯಾಗ್ರಹಣವೂ ಅತ್ತಿಮಬ್ಬೆಯ ದಾರಿಯನ್ನೇ ಹಿಡಿಯಿತು. ಒಂದು ನೆಗೆಟಿವ್ ಉಳಿದಿದ್ದರೆ ಬೇಕಾದಷ್ಟು ಪ್ರತಿಗಳು. ಈ ಪ್ರವಾಹಕ್ಕೆ ಎದುರಾಗಿ ಮತ್ತೆ ಏಕೈಕ ಪ್ರತಿಯ ಕಡೆಗೆ ತಿರುಗಿದ ಉಪಕರಣವೆಂದರೆ, ತೆಗೆದ ಚಿತ್ರವನ್ನು ನಿಂತಲ್ಲಿಯೇ ಕೈಗಿಡುವ ಇನ್‌ಸ್ಟಂಟ್ ಕ್ಯಾಮೆರಾ. ಅದನ್ನು ಕೊಳ್ಳುವುದು ಲೇಸೋ ಅಲ್ಲವೋ ಎಂಬ ಪ್ರಶ್ನೆಯನ್ನು ಬೆಲೆಯ ಲೆಕ್ಕದಿಂದಷ್ಟೇ ಬಿಡಿಸಲಾಗದು.

ಇದರ ಹುಟ್ಟಿಗೆ ಒಂದು ಮಗುವಿನ ಅಸಹನೆ ಕಾರಣವೆಂದು ಹೇಳಲಾಗುತ್ತದೆ. 1943ರಲ್ಲಿ ಅಮೆರಿಕದ ಸಾಂಟಾ ಫೆಯಲ್ಲಿ ರಜೆ ಕಳೆಯುತ್ತಿದ್ದ ಎಡ್ವಿನ್ ಲ್ಯಾಂಡ್‌ನನ್ನು ಆತನ ಪುಟ್ಟ ಮಗಳು, ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದೆಂದು ಕೇಳಿದಳಂತೆ. 1947ರ ಫೆಬ್ರವರಿ 21ರಂದು ಆತ ನ್ಯೂಯಾರ್ಕ್‌ನ ವಿದ್ವಾಂಸರ ಸಭೆಯಲ್ಲಿ ತನ್ನ ವಿಧಾನವನ್ನು ಪ್ರದರ್ಶಿಸಿದ. ಮರುವರ್ಷದ ನವೆಂಬರ್‌ನಲ್ಲಿ ಬಾಸ್ಟನ್‌ನ ಅಂಗಡಿಯೊಂದರಲ್ಲಿ 89.75 ಡಾಲರಿಗೆ ಪೊಲರಾಯ್ಡ್ ಕ್ಯಾಮೆರಾ ಮಾರಾಟಕ್ಕೆ ಬಂತು. ಕತ್ತಲೆಕೋಣೆಯ ಕೆಲಸವೆಲ್ಲ ಎರಡು ಹಾಳೆಗಳ ನಡುವೆ ಅಡಗಿತ್ತು: ಉರುಳೆಗಳ ನಡುವೆ ಎಳೆದಾಗ ಸಣ್ಣ ಪೊಟ್ಟಣವೊಂದು ಒಡೆದು ಅದರ ರಾಸಾಯನಿಕ ಲೇಹ್ಯ ಹರಡುತ್ತದೆ, ನಿಮಿಷದ ಬಳಿಕ ಹಾಳೆಗಳನ್ನು ಬಿಡಿಸಿದರೆ ಒಂದರಲ್ಲಿ ಚಿತ್ರವಿರುತ್ತದೆ, ಇನ್ನೊಂದು ಕಸದ ಬುಟ್ಟಿಗೆ ಹೋಗುತ್ತದೆ. 1972ರ ಎಸ್‌ಎಕ್ಸ್-70 ಬಂದಮೇಲೆ ಬಿಡಿಸುವ ಕೆಲಸವೂ ತಪ್ಪಿ, ಒಂದೇ ಹಾಳೆಯೊಳಗೆ ಚಿತ್ರ ಕಣ್ಣೆದುರೇ ಮೂಡತೊಡಗಿತು.

ಇದರ ದೊಡ್ಡ ಲಾಭವನ್ನು ವೇಗದಲ್ಲಿ ಹುಡುಕುವುದು ವಾಡಿಕೆ. ಇಂದು ಮೊಬೈಲು ಅದನ್ನು ಮೀರಿಸಿರುವುದರಿಂದ ಆ ವಾದ ನಿಲ್ಲುವುದಿಲ್ಲ. ಹೆಚ್ಚು ಗಮನಾರ್ಹವಾದುದು, ಚಿತ್ರ ತೆಗೆಯುವವರಿಗೂ ತೆಗೆಸಿಕೊಳ್ಳುವವರಿಗೂ ಇರುವ ಸಂಬಂಧದಲ್ಲಿ ಇದು ತಂದ ಬದಲಾವಣೆ. ಸಾಮಾನ್ಯ ಕ್ಯಾಮೆರಾ ಇತರರ ಮುಖವನ್ನು ಕೊಂಡೊಯ್ಯುತ್ತದೆ. ಕಳುಹಿಸಿಕೊಡುತ್ತೇವೆಂಬ ಮಾತು ಬಹುಮಟ್ಟಿಗೆ ಮಾತಾಗಿಯೇ ಉಳಿಯುತ್ತದೆ. ಇನ್‌ಸ್ಟಂಟ್ ಚಿತ್ರವನ್ನಾದರೋ ಅಲ್ಲೇ ಕೊಟ್ಟುಬಿಡಬಹುದು. ಕೊಟ್ಟವರ ಬಳಿ ಏನೂ ಉಳಿಯದಿರುವುದರಿಂದ ಅದು ನಿಜವಾದ ಕೊಡುಗೆ. ಸ್ಟುಡಿಯೋದವನೋ ಲ್ಯಾಬಿನವನೋ ನಡುವೆ ನೋಡುವ ಪ್ರಸಂಗವೂ ಇಲ್ಲ.

ಆದರೆ ಕೊಡುಗೆಯನ್ನು ಸ್ವೀಕರಿಸುವವರು ಬೇಕಲ್ಲ! ಇಟಲಿಯ ಚಿತ್ರಕಥೆಗಾರ ಟೊನಿನೊ ಗುಯೆರ್ರಾ ನೆನೆದ ಪ್ರಸಂಗವೊಂದು ಇಲ್ಲಿ ಉಲ್ಲೇಖಾರ್ಹ. ಉಜ್ಬೇಕಿಸ್ತಾನಕ್ಕೆ ಹೋಗಿದ್ದ ನಿರ್ದೇಶಕ ಆಂಟೊನಿಯೊನಿ ಮೂವರು ಮುಸ್ಲಿಂ ವೃದ್ಧರ ಪೊಲರಾಯ್ಡ್ ಚಿತ್ರ ತೆಗೆದು ಅವರಿಗೇ ಕೊಡಹೋದನಂತೆ. ಹಿರಿಯನಾದವನು ಒಮ್ಮೆ ಕಣ್ಣಾಡಿಸಿ, ಕಾಲವನ್ನು ತಡೆದು ನಿಲ್ಲಿಸುವುದರಿಂದ ಪ್ರಯೋಜನವೇನೆಂದು ಕೇಳಿ ಚಿತ್ರವನ್ನು ಹಿಂದಿರುಗಿಸಿದನಂತೆ. ಆ ಪ್ರಶ್ನೆಗೆ ಕ್ಯಾಮೆರಾದ ಕೈಪಿಡಿಯಲ್ಲಿ ಉತ್ತರವಿಲ್ಲ. ಗುಯೆರ್ರಾನ ಮಿತ್ರ ತಾರ್ಕೊವ್‌ಸ್ಕಿ ಇದೇ ಬಗೆಯ ಕ್ಯಾಮೆರಾದಿಂದ ರಷ್ಯಾದ ತನ್ನ ಮನೆಯನ್ನೂ ಮಗನನ್ನೂ ನಾಯಿಯನ್ನೂ, ಆಮೇಲೆ ಇಟಲಿಯ ಮಂಜನ್ನೂ ಹಿಡಿದಿಟ್ಟ. ತಾಯ್ನಾಡಿಗೆ ಮರಳದೆ 1986ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಅವನ ಆ ಅಂಗೈಯಗಲದ ಹಾಳೆಗಳನ್ನು ನೋಡುವಾಗ, ವೃದ್ಧನ ಪ್ರಶ್ನೆ ಅಷ್ಟು ಸುಲಭವಾಗಿ ಗೆಲ್ಲುವುದಿಲ್ಲ.

ನಷ್ಟಗಳ ವಿಷಯ. ಪೊಲರಾಯ್ಡ್ ಫಿಲ್ಮಿನ ಒಂದು ಪೊಟ್ಟಣದಲ್ಲಿ ಎಂಟೇ ಹಾಳೆ. ಫ್ಯೂಜಿಫಿಲ್ಮ್‌ನ ಇನ್‌ಸ್ಟಾಕ್ಸ್‌ನಲ್ಲಿ ಹತ್ತು. ಕ್ಯಾಮೆರಾ ಅಗ್ಗಕ್ಕೆ ಸಿಕ್ಕರೂ ಫಿಲ್ಮು ಜೀವನಪರ್ಯಂತದ ಖರ್ಚು. ಕಣ್ಣು ಮುಚ್ಚಿದ್ದರೂ ಕೈ ನಡುಗಿದ್ದರೂ ಹಾಳೆ ಹೋದಂತೆಯೇ. ಈ ಫಿಲ್ಮು ಹವೆಗೆ ಬೇಗನೆ ಸೋಲುತ್ತದೆ. ಪೊಲರಾಯ್ಡ್‌ಗೆ ಹಿತವಾದ ಉಷ್ಣತೆ 13ರಿಂದ 28 ಡಿಗ್ರಿ. ಅದಕ್ಕಿಂತ ತಂಪಾದರೆ ಚಿತ್ರ ನೀಲಿಗೆ, ಬಿಸಿಯಾದರೆ ಹಳದಿ-ಕೆಂಪಿಗೆ ತಿರುಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಇದರ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಮುಖವೇ ಮಾಸುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಪರಾಧೀನತೆ. ಬೆಳಕು, ಬೆಳ್ಳಿಯ ಲವಣ, ಸ್ವಲ್ಪ ರಸಾಯನಶಾಸ್ತ್ರ ಗೊತ್ತಿದ್ದವರು ಹಳೆಯ ಕಾಲದ ಛಾಯಾಚಿತ್ರವನ್ನು ಮನೆಯಲ್ಲೇ ಮಾಡಬಲ್ಲರು. ಇನ್‌ಸ್ಟಂಟ್ ಫಿಲ್ಮನ್ನು ಹಾಗೆ ಮಾಡಲಾಗದು, ಅದಕ್ಕೆ ಕಾರ್ಖಾನೆಯೇ ಬೇಕು. 2008ರಲ್ಲಿ ಪೊಲರಾಯ್ಡ್ ಸಂಸ್ಥೆ ಫಿಲ್ಮ್ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿದಾಗ, ಕೆಟ್ಟುಹೋಗದ ಕ್ಯಾಮೆರಾಗಳು ಲೋಕದ ತುಂಬ ನಿರುಪಯೋಗಿಗಳಾಗುವ ಸ್ಥಿತಿ ಬಂತು. ನೆದರ್‌ಲ್ಯಾಂಡ್ಸ್‌ನ ಎನ್‌ಸ್ಕೆಡೆಯಲ್ಲಿದ್ದ ಕೊನೆಯ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಕೊಂಡು, 2010ರಲ್ಲಿ ಹೊಸ ಫಿಲ್ಮನ್ನು ಹೊರತಂದರು. ಹಳೆಯ ರಾಸಾಯನಿಕಗಳು ಸಿಗದೆ ಸೂತ್ರವನ್ನೇ ಮರುರಚಿಸಬೇಕಾಯಿತು. ಮೊದಮೊದಲ ಚಿತ್ರಗಳು ಮಂಕಾಗಿದ್ದವು. ಎರಡು ಹಾಳೆಗಳನ್ನು ಬಿಡಿಸುವ ಬಗೆಯ ಕ್ಯಾಮೆರಾಗಳಿಗೆ ಆ ಭಾಗ್ಯವೂ ಒದಗಲಿಲ್ಲ. ಅವನ್ನು ನಡೆಸುತ್ತಿದ್ದ ಫ್ಯೂಜಿಯ ಎಫ್‌ಪಿ-100ಸಿ ಫಿಲ್ಮನ್ನು ಕೈಬಿಡುವ ಸುದ್ದಿ 2016ರಲ್ಲಿ ಬಂತು.

ಏಕೈಕ ಪ್ರತಿಯ ತೊಡಕಿಗೆ ಪರಿಹಾರವನ್ನೂ ಲ್ಯಾಂಡ್‌ನ ಸಂಸ್ಥೆ ಹುಡುಕಿತ್ತೆಂಬುದು ಇಲ್ಲಿನ ಸ್ವಾರಸ್ಯ. ಟೈಪ್ 55 ಎಂಬ ಕಪ್ಪುಬಿಳುಪು ಫಿಲ್ಮಿನಲ್ಲಿ ಬಿಡಿಸಿದ ಎರಡನೆಯ ಹಾಳೆ ಕಸವಾಗದೆ, ತೊಳೆದಿಟ್ಟುಕೊಳ್ಳಬಹುದಾದ ನೆಗೆಟಿವ್ ಆಗಿರುತ್ತಿತ್ತು. ಸಂಸ್ಥೆಯ ಸಲಹೆಗಾರನಾಗಿದ್ದ ಆನ್ಸೆಲ್ ಆಡಮ್ಸ್, ಎಲ್ ಕ್ಯಾಪಿಟನ್ ಬಂಡೆಯ ಚಳಿಗಾಲದ ಸೂರ್ಯೋದಯವನ್ನು 1968ರಲ್ಲಿ ಹಿಡಿದದ್ದು ಇದರಲ್ಲಿಯೇ. ಚಿತ್ರವನ್ನು ಎದುರಿನವರಿಗೆ ಕೊಟ್ಟು, ನೆಗೆಟಿವನ್ನು ತಾನು ಇಟ್ಟುಕೊಳ್ಳಬಹುದಾಗಿತ್ತು. 2008ರಲ್ಲಿ ನಿಂತ ಫಿಲ್ಮುಗಳ ಪಟ್ಟಿಯಲ್ಲಿ ಅದೂ ಸೇರಿತ್ತು.