ಅಜ್ಜಂಪುರದಿಂದ ಅಕ್ಕನಿಗೆ

ಭಾವನವರ ಮಂಡಿನೋವು ಈಗ ಹೇಗಿದೆ?

ಹೊರಡುವಾಗ ಪುಟ್ಟ ಒಂದೇ ಹಟ ಹಿಡಿದಿದ್ದನಲ್ಲ, "ಮಾಮ, ಗಿನ್ನೆಸ್ ಪುಸ್ತಕದಲ್ಲಿರೋವಷ್ಟು ದೊಡ್ಡ ನಾಯಿ ಅಲ್ಲಿ ಕಂಡರೆ ಬರಿ" ಅಂತ. ಅವನ ಪುಸ್ತಕದ ನಾಯಿ ಝೀಯಸ್, ಅಮೆರಿಕದ ಮಿಷಿಗನ್‌ನ ಒಟ್ಸೀಗೊ ಊರಿನ ಗ್ರೇಟ್ ಡೇನ್. ಭುಜದವರೆಗೇ 111.8 ಸೆಂ.ಮೀ. ಪಾಪ, ಐದು ವರ್ಷ ಬದುಕಿ 2014ರಲ್ಲಿ ಸತ್ತುಹೋಯಿತು. ಅಂಥದ್ದು ಇಲ್ಲೆಲ್ಲೂ ಕಾಣಲಿಲ್ಲ ಅಂತ ಅವನಿಗೆ ಹೇಳು. ಆದರೆ ಬರೆಯೋಕೆ ಬೇರೆ ಬೇಕಾದಷ್ಟಿದೆ.

ಕಡೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ತೆಂಗಿನ ತೋಟ, ಬಿಸಿಲು, ಧೂಳು. ಒಂದು ಕಾಲಕ್ಕೆ ಇಡೀ ಚಿಕ್ಕಮಗಳೂರು ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರಿತ್ತು ಅಂದರೆ ಈಗ ನಂಬೋದು ಕಷ್ಟ. ತರೀಕೆರೆಯಲ್ಲಿ ಇಳಿದಾಗ ನೀನೇ ನೆನಪಾದೆ. ಏರಿ ಮೇಲಿನ ಕರಿಕುರಿಮರಿ ಮಾತನ್ನು ಬೇಗಬೇಗ ಹೇಳಿಸಿ, ನಾಲಿಗೆ ತೊಡರಿದರೆ ತಲೆಗೆ ಮೊಟಕುತ್ತಿದ್ದೆಯಲ್ಲ! ಅಲ್ಲಿಂದ ಅಮೃತಾಪುರಕ್ಕೆ ಹೋಗಿ ಅಮೃತೇಶ್ವರನಿಗೆ ಕೈಮುಗಿದೆ. ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ್ದು. ಮಂಟಪದ ಕಂಬಗಳ ಹೊಳಪು ನೋಡಿದರೆ ನಿನ್ನೆ ಮೊನ್ನೆ ಕಡೆದ ಹಾಗಿದೆ.

ನಿಜಕ್ಕೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಜ್ಜಂಪುರದ ಅಮೃತಮಹಲ್ ದನಗಳು. ಸರ್ಕಾರದ ತಳಿ ಸಂವರ್ಧನಾ ಕೇಂದ್ರ ಇಲ್ಲಿದೆ. ಬೂದು ಮೈ, ನೀಳ ಮುಖ. ಕೊಂಬುಗಳು ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಭರ್ಜಿಯಂತೆ ಚೂಪಾಗಿ ಮೇಲೇಳುತ್ತವೆ. ನಾನು ನಾಲ್ಕು ಹೆಜ್ಜೆ ಮುಂದಿಟ್ಟಿದ್ದೇ ತಡ, ಮೇಯುತ್ತಿದ್ದ ಅಷ್ಟೂ ದನ ಒಟ್ಟಿಗೆ ತಲೆ ಎತ್ತಿದವು. "ಅಲ್ಲೇ ನಿಲ್ರೀ, ಹೊಸಬರನ್ನ ಕಂಡ್ರೆ ಇವಕ್ಕೆ ಆಗಲ್ಲ" ಅಂದರು ಕಾಯುವವರು. ನಿಂತೆ. ನಮ್ಮ ಮನೆಯ ಗೌರಿಯ ಸಾಧುತನ ಇವುಗಳಲ್ಲಿ ಹುಡುಕಬೇಡ. ಹಾಲೂ ಅಷ್ಟಕ್ಕಷ್ಟೇ, ಕರುವಿಗಾದರೆ ಸಾಕು.

ಇವುಗಳ ಹೆಸರು ಉಳಿದದ್ದು ಕಾಲಿನಿಂದ. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಅಂತ ಕಟ್ಟಿದ ಇಲಾಖೆಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಹೆಸರಲ್ಲಿ ಬೆಣ್ಣೆ, ಅಮೃತ. ಮಾಡಿದ್ದು ಮಾತ್ರ ತೋಪು ಎಳೆಯುವ ಕೆಲಸ! ಹೈದರಾಲಿ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ ಅಂತ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರೂ ಇವನ್ನು ಬಿಡಲಿಲ್ಲ, ತಮ್ಮ ತೋಪಿಗೆ ಕಟ್ಟಿಕೊಂಡರು.

ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲೇ ಕಾವಲು. ಒತ್ತುವರಿಯಾಗಿ, ಹಂಚಿಹೋಗಿ ಈಗ ಎಷ್ಟೋ ಕಾವಲುಗಳು ಹೆಸರಿಗಷ್ಟೇ ಉಳಿದಿವೆ. ಉಳಿದಲ್ಲಿ ಮಾತ್ರ ಕೃಷ್ಣಮೃಗವೂ ತೋಳವೂ ಬದುಕಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ದನದ ಹೆಸರಲ್ಲಿ ಜಿಂಕೆ ಉಳಿಯಿತು ನೋಡು. ಒಳ್ಳೆಯದೇ ಆಯಿತು.

ಪುಟ್ಟನಿಗೆ ನಾಯಿಯೇ ಬೇಕು ಅಂದರೆ ಮದ್ದೂರು ತಾಲ್ಲೂಕಿನ ಆತಕೂರಿನ ಕಾಳಿಯ ಕಥೆ ಹೇಳು. ಚೋಳ ರಾಜಾದಿತ್ಯ ಸತ್ತ ತಕ್ಕೋಲದ ಕಾಳಗದಲ್ಲಿ ಮಣಲೇರ ಅನ್ನುವವನು ಮೆರೆದ. ಏನು ಬೇಕು ಕೇಳು ಅಂದ ಒಡೆಯನ ಹತ್ತಿರ ಅವನು ಹೊನ್ನು ಕೇಳಲಿಲ್ಲ, ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿ ಬಿಟ್ಟರು. ಇದೆಲ್ಲ ಕ್ರಿ.ಶ. 949–50ರ ಸುಮಾರಿನದು. ಝೀಯಸ್‌ಗೆ ಅಳತೆಪಟ್ಟಿ ಹಿಡಿದರು. ಕಾಳಿ ಎಷ್ಟೆತ್ತರ ಇತ್ತು ಅನ್ನುವ ಮಾತೇ ಕಲ್ಲಿನಲ್ಲಿಲ್ಲ. ನನ್ನನ್ನು ಕೇಳಿದರೆ ಕಾಳಿಯೇ ದೊಡ್ಡದು.

ಇದಕ್ಕೆ ನೀವು ಇಷ್ಟು ದೂರ ಬರಬೇಕಾಗಿಯೂ ಇಲ್ಲ. ನಾಯಿ, ಹಂದಿ ಕಾದುವ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಭಾವನವರ ಕಾಲು ಒಂದಿಷ್ಟು ಹಗುರಾದ ಮೇಲೆ ಪುಟ್ಟನನ್ನು ಕರೆದುಕೊಂಡು ಹೋಗಿ ಬನ್ನಿ. ಹೊರಡುವ ಮುಂಚೆ ಮಾತ್ರ ತೆರೆದಿದೆಯೇ ಅಂತ ವಿಚಾರಿಸಿಕೊಳ್ಳಿ.

ಇಂತಿ ನಿನ್ನ ತಮ್ಮ